ನಸೂಹನ ಬೆಂಕಿ ಮತ್ತು ದಾದಿಯ ಟ್ರಂಕು

ಉರ್ದುವಿನ ಆರಂಭಕಾಲದ ಕಾದಂಬರಿಯೊಂದರಲ್ಲಿ ಮನೆಯ ಗ್ರಂಥಭಂಡಾರವನ್ನು ಸುಟ್ಟು ಹಾಕುವ ಪ್ರಸಂಗವಿದೆ. ಸುಡುವವನು ದಂಡೆತ್ತಿ ಬಂದ ಶತ್ರುವಲ್ಲ, ಗಲಭೆಕೋರನೂ ಅಲ್ಲ. ಆತ ಒಬ್ಬ ತಂದೆ. ಸುಡುವುದು ಸ್ವಂತ ಮಗನ ಪುಸ್ತಕಗಳನ್ನು. ಡೆಪ್ಯುಟಿ ನಜೀರ್ ಅಹ್ಮದರ 'ತೌಬತುನ್ನಸೂಹ್' (1874) ಕಾದಂಬರಿಯ ಈ ಭಾಗವನ್ನು ನಾನು ಮೊದಲು ಓದಿದಾಗ ನನಗೆ ಹದಿನೇಳು ವರ್ಷ. ಆಗ ನಾನು ಸಂಪೂರ್ಣವಾಗಿ ಮಗನ ಪಕ್ಷದಲ್ಲಿದ್ದೆ. ಈಗ ನಲವತ್ತು ದಾಟಿದ್ದೇನೆ. ಪಿಯುಸಿ ಓದುತ್ತಿರುವ ಮಗಳಿದ್ದಾಳೆ. ಕಳೆದ ವರ್ಷ ಒಂದು ರಾತ್ರಿ ಅವಳ ಕೈಯಲ್ಲಿದ್ದ ಇಂಗ್ಲಿಷ್ ಕಾದಂಬರಿಯ ಮುಖಪುಟ ನೋಡಿ, ಒಳಗೇನಿದೆಯೆಂದು ಒಂದು ಪುಟವನ್ನೂ ಓದದೆ, ಪರೀಕ್ಷೆ ಮುಗಿಯುವ ತನಕ ಇದು ಬೇಡ ಎಂದು ಕಸಿದು ಬೀರುವಿನ ಮೇಲೆ ಇಟ್ಟೆ. ಅವಳು ಏನೂ ಹೇಳಲಿಲ್ಲ. ಎದುರುತ್ತರ ಕೊಟ್ಟಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ. ಅಂದು ರಾತ್ರಿ ನೆನಪಾದವನು ನಸೂಹ್.

ಕನ್ನಡದ ಓದುಗರಿಗೆ ನಜೀರ್ ಅಹ್ಮದರ ಪರಿಚಯ ಕಡಿಮೆ ಇರಬಹುದು. ನಮ್ಮ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾದದ್ದು 1899ರಲ್ಲಿ. ಅದಕ್ಕೆ ಮೂವತ್ತು ವರ್ಷ ಮೊದಲೇ, 1869ರಲ್ಲಿ, ನಜೀರ್ ಅಹ್ಮದರ 'ಮಿರಾತುಲ್ ಉರೂಸ್' ಬಂದಿತ್ತು. ವಧುವಿನ ಕನ್ನಡಿ ಎಂದು ಅದರ ಅರ್ಥ. ಉರ್ದುವಿನ ಮೊದಲ ಕಾದಂಬರಿ ಎಂಬ ಸ್ಥಾನವನ್ನು ಹೆಚ್ಚಿನವರು ಅದಕ್ಕೇ ಕೊಡುತ್ತಾರೆ. ಬರೆದವರು ಬಿಜನೋರ್ ಜಿಲ್ಲೆಯ ಬಡ ಕುಟುಂಬದಿಂದ ಬಂದವರು. ದಿಲ್ಲಿಯ ಮಸೀದಿಯೊಂದರಲ್ಲಿ ಉಳಿದು, ಮನೆ ಮನೆಗೆ ಹೋಗಿ ರೊಟ್ಟಿ ಸಂಗ್ರಹಿಸಿ ತಂದು ಓದಿದ ವಿದ್ಯಾರ್ಥಿ. ಅವರ ಶಿಷ್ಯ ಮಿರ್ಜಾ ಫರ್ಹತುಲ್ಲಾ ಬೇಗ್ ಬರೆದಿರುವ ವ್ಯಕ್ತಿಚಿತ್ರದಲ್ಲಿ ಇದೆಲ್ಲ ಬಹಳ ಸೊಗಸಾಗಿ ಬಂದಿದೆ. ರೊಟ್ಟಿಗಾಗಿ ಹೋಗುತ್ತಿದ್ದ ಒಂದು ಮನೆಯಲ್ಲಿ ಹುಡುಗ ನಜೀರನಿಂದ ಮಸಾಲೆ ಅರೆಸುತ್ತಿದ್ದರು, ಅಲ್ಲಿನ ಪುಟ್ಟ ಹುಡುಗಿಯೊಬ್ಬಳು ಅವನ ಬೆರಳುಗಳಿಗೆ ಹೊಡೆಯುತ್ತಿದ್ದಳು. ಮುಂದೆ ಆ ಹುಡುಗಿಯೇ ಅವರ ಹೆಂಡತಿಯಾದಳು! ದಿಲ್ಲಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಓದಿದರು. ಶಾಲಾ ಇಲಾಖೆ ಸೇರಿದರು. ಭಾರತೀಯ ದಂಡಸಂಹಿತೆಯನ್ನು ಉರ್ದುವಿಗೆ ತಂದವರಲ್ಲಿ ಒಬ್ಬರಾದರು. ಡೆಪ್ಯುಟಿ ಕಲೆಕ್ಟರ್ ಆದರು. ಹಾಗಾಗಿಯೇ ಹೆಸರಿನ ಹಿಂದೆ ಆ 'ಡೆಪ್ಯುಟಿ' ಇಂದಿಗೂ ಅಂಟಿಕೊಂಡಿದೆ.

'ಮಿರಾತುಲ್ ಉರೂಸ್' ಹುಟ್ಟಿದ ರೀತಿಯನ್ನು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ತನ್ನ ಹೆಣ್ಣುಮಕ್ಕಳಿಗೆ ಓದಲು ಕೊಡಬಹುದಾದ ಪುಸ್ತಕವೇ ಸಿಗದಿದ್ದಾಗ ಅವರು ತಾವೇ ಬರೆಯಲು ಕುಳಿತರು. ದಿನವೂ ಸ್ವಲ್ಪ ಸ್ವಲ್ಪ ಬರೆದು ಕೊಡುವುದು, ಮಕ್ಕಳು ಅದನ್ನು ಓದಿ ಮುಂದಿನದಕ್ಕಾಗಿ ಕಾಡುವುದು. ಮಗ ಬಶೀರನಿಗೆ 'ಚಂದ್ ಪಂದ್' ಎಂಬ ಬೇರೆಯೇ ಪುಸ್ತಕ. ಆಗ ವಾಯವ್ಯ ಪ್ರಾಂತದ ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಕೆಂಪ್ಸನ್ ಸಾಹೇಬರು ಪ್ರವಾಸ ಬಂದಾಗ ಈ ಹುಡುಗನನ್ನು ಏನು ಓದುತ್ತೀಯೆಂದು ಕೇಳಿದರಂತೆ. ಅವನು ತನ್ನ ಪುಸ್ತಕ ತೋರಿಸಿ, ಅಕ್ಕನ ಬಳಿ ಇದಕ್ಕಿಂತ ಚೆನ್ನಾಗಿರುವುದಿದೆ ಎಂದನಂತೆ. ಹೀಗೆ ಮನೆಯೊಳಗಿನ ಕೈಬರಹ ಸರಕಾರದ ಕೈ ಸೇರಿತು. ಸಾವಿರ ರೂಪಾಯಿ ಬಹುಮಾನ ಬಂತು, ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಮ್ಯೂರ್ ತಮ್ಮ ಕಡೆಯಿಂದ ಗಡಿಯಾರ ಕೊಟ್ಟರು, ಸರಕಾರ 2000 ಪ್ರತಿ ಕೊಂಡಿತು. ಇಪ್ಪತ್ತು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಅಂದಿನ ಕಾಲದಲ್ಲಿ, ಅದೂ ಹೆಣ್ಣುಮಕ್ಕಳಿಗೆಂದು ಬರೆದ ಪುಸ್ತಕ!

ಕಥೆ ಇಬ್ಬರು ಅಕ್ಕತಂಗಿಯರದು. ಅಕ್ಕ ಅಕ್ಬರಿ ಮುದ್ದಿನಿಂದ ಕೆಟ್ಟವಳು. ಗಂಡನ ಮನೆಯಲ್ಲಿ ಹೊಂದಲಾರಳು, ಹಜ್ಜ್ ಮಾಡಿ ಬಂದವಳೆಂದು ಹೇಳಿಕೊಂಡ ಮೋಸಗಾತಿಯನ್ನು ನಂಬಿ ಒಡವೆ ಕಳೆದುಕೊಳ್ಳುತ್ತಾಳೆ. ತಂಗಿ ಅಸ್ಗರಿ ಓದು ಬರಹ, ಲೆಕ್ಕ, ಅಡುಗೆ ಎಲ್ಲ ಬಲ್ಲವಳು. ಮನೆಯ ಕೆಲಸದ ಮಾಮಾ ಅಜ್ಮತ್ ವರ್ಷಗಳಿಂದ ಮಾಡುತ್ತಿದ್ದ ಕಳ್ಳಲೆಕ್ಕವನ್ನು ಹಿಡಿಯುತ್ತಾಳೆ, ಸಂಸಾರವನ್ನು ಮೇಲೆತ್ತುತ್ತಾಳೆ, ಕೊನೆಗೆ ಮನೆಯಲ್ಲೇ ಮೊಹಲ್ಲಾದ ಹುಡುಗಿಯರಿಗೆ ಮಕ್ತಬ್ ತೆರೆಯುತ್ತಾಳೆ. ಉಪದೇಶ ಎದ್ದು ಕಾಣುತ್ತದೆ, ನಿಜ. ಆದರೆ ಆ ಉಪದೇಶದ ನಡುವೆ ದಿಲ್ಲಿಯ ಹೆಂಗಸರ ಮಾತು, ಜಗಳ, ಅಂಗಡಿ ಸಾಲ, ಮದುವೆಯ ಖರ್ಚು ಎಲ್ಲ ಜೀವಂತವಾಗಿ ಬಂದಿವೆ.

ನನ್ನ ದಾದಿಗೆ ಅಕ್ಬರಿಯ ಮೇಲೆ ಪ್ರೀತಿ. ಅಸ್ಗರಿಯ ಪುಟಗಳನ್ನು ಅವರು ಬೇಗ ಬೇಗ ಮುಗಿಸುತ್ತಿದ್ದರು. ಅಕ್ಬರಿ ತವರಿಗೆ ಓಡಿ ಬರುವ ಭಾಗವನ್ನು ಮಾತ್ರ ಎರಡೆರಡು ಸಲ ಓದಿ ಒಬ್ಬರೇ ನಗುತ್ತಿದ್ದರು. ಉರ್ದು ವಿಮರ್ಶಕರು ಬಹಳ ಹಿಂದೆಯೇ ಹೇಳಿದ್ದಾರೆ, ನಜೀರ್ ಅಹ್ಮದರ ಒಳ್ಳೆಯ ಪಾತ್ರಗಳಿಗಿಂತ ಕೆಟ್ಟ ಪಾತ್ರಗಳಲ್ಲೇ ಉಸಿರು ಹೆಚ್ಚು ಎಂದು. ದಾದಿ ಯಾವ ವಿಮರ್ಶೆಯನ್ನೂ ಓದಿದವರಲ್ಲ. ಒಂದು ವಿಷಯ ಹೇಳಬೇಕು. ಅವರಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅವರ ಕಾಲದ ಅನೇಕ ಶರೀಫ್ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಕುರ್‌ಆನ್ ಮತ್ತು ಉರ್ದು ಓದಲು ಕಲಿಸುತ್ತಿದ್ದರು, ಆದರೆ ಕೈಗೆ ಲೇಖನಿ ಕೊಡುತ್ತಿರಲಿಲ್ಲ. ಬರೆಯಲು ಬಂದರೆ ಯಾರಿಗೆ ಪತ್ರ ಬರೆಯುತ್ತಾಳೋ ಎಂಬ ಭಯ. ನಜೀರ್ ಅಹ್ಮದರು ಇದೇ ಭಯದ ವಿರುದ್ಧ ವಾದಿಸಿದ್ದರು. ಆ ವಾದವನ್ನು ಹತ್ತು ಸಲ ಓದಿದ್ದ ನನ್ನ ದಾದಿ ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಅಲ್ಲಿದ್ದವರಿಗೆ ಅವರು ಅನಕ್ಷರಸ್ಥೆ.

ಈಗ 'ತೌಬತುನ್ನಸೂಹ್'ಗೆ ಬರೋಣ. ದಿಲ್ಲಿಯಲ್ಲಿ ಕಾಲರಾ. ನಸೂಹನಿಗೂ ತಗುಲುತ್ತದೆ. ಜ್ವರದ ಮಂಪರಿನಲ್ಲಿ ಅವನಿಗೆ ಪರಲೋಕದ ನ್ಯಾಯಾಲಯ ಕಾಣಿಸುತ್ತದೆ, ಅಲ್ಲಿ ತೀರಿಹೋದ ತಂದೆ ವಿಚಾರಣೆಗೆ ಕುಳಿತಿದ್ದಾರೆ. ಎಚ್ಚರವಾದ ಮೇಲೆ ನಸೂಹ್ ಬದಲಾದ ಮನುಷ್ಯ. ತಾನು ಮಾತ್ರ ಸುಧಾರಿಸಿದರೆ ಸಾಲದು, ಹೆಂಡತಿ ಮಕ್ಕಳೆಲ್ಲರ ಜವಾಬ್ದಾರಿಯೂ ತನ್ನದು ಎಂದು ಹೊರಡುತ್ತಾನೆ. ಹೆಂಡತಿ ಫಹ್ಮೀದಾ ಒಪ್ಪುತ್ತಾಳೆ, ಕಿರಿಯ ಮಕ್ಕಳು ಒಪ್ಪುತ್ತಾರೆ. ಬೆಳೆದು ನಿಂತ ಹಿರಿಯ ಮಗ ಕಲೀಮ್ ಮತ್ತು ಮಗಳು ನಈಮಾ ಒಪ್ಪುವುದಿಲ್ಲ. ಕಲೀಮ್ ಕವಿ. ಚದುರಂಗ, ಪಾರಿವಾಳ, ಗಜಲ್, ಗೆಳೆಯರು ಇವೇ ಅವನ ಲೋಕ. ತಂದೆ ಕರೆದರೆ ಹೋಗುವುದಿಲ್ಲ, ಮನೆ ಬಿಟ್ಟೇ ನಡೆಯುತ್ತಾನೆ. ಆಗ ನಸೂಹ್ ಮಗನ ಕೋಣೆಗಳನ್ನು ಹೊಕ್ಕು ನೋಡುತ್ತಾನೆ. ಅಂದವಾದ ರಟ್ಟು ಕಟ್ಟಿಸಿ ಜೋಡಿಸಿಟ್ಟ ಪುಸ್ತಕಗಳ ಕಪಾಟು ಕಾಣುತ್ತದೆ. ಎಲ್ಲವನ್ನೂ ಹೊರಗೆ ತಂದು ಬೆಂಕಿ ಕೊಡುತ್ತಾನೆ.

ಲೇಖಕರು ಆ ಪುಸ್ತಕಗಳ ಹೆಸರನ್ನೂ ಕೊಟ್ಟಿದ್ದಾರೆ. 'ಫಸಾನಾ-ಎ-ಅಜಾಯಿಬ್', ಮೀರ್ ಹಸನರ ಮಸ್ನವಿ, 'ಗುಲ್-ಎ-ಬಕಾವಲಿ'ಯ ಕಥೆ, 'ಇಂದರ್ ಸಭಾ', ಸೌದಾರ ವಿಡಂಬನೆಗಳು, 'ದರ್ಯಾ-ಎ-ಲತಾಫತ್'. ಚಿರ್ಕೀನ್, ಜಾಫರ್ ಜಟಲ್ಲಿಯಂಥ ಪೋಲಿ ಕವಿಗಳೂ ಅದರಲ್ಲಿದ್ದಾರೆ, ಅದನ್ನು ಮುಚ್ಚಿಡುವುದೇಕೆ? ಆದರೆ 'ದರ್ಯಾ-ಎ-ಲತಾಫತ್' ಮೂಲತಃ ಉರ್ದು ಭಾಷೆಯ ವ್ಯಾಕರಣ ಮತ್ತು ಅಲಂಕಾರದ ಗ್ರಂಥ! ಬೆಂಕಿ ಹಚ್ಚಲು ಕುಳಿತವನಿಗೆ ಬೈಗುಳವೂ ಒಂದೇ, ವ್ಯಾಕರಣವೂ ಒಂದೇ. ತಮ್ಮ ಅಲೀಮ್ ಕೂಡ ತನ್ನ ಬಳಿಯಿದ್ದ ಎರಡು ಪುಸ್ತಕ ತಂದು ಹಾಕುತ್ತಾನೆ. ಅದರಲ್ಲೊಂದು ಆತಿಶ್ ಕವಿಯ ಸಮಗ್ರ ಸಂಪುಟ. ಆತಿಶ್ ಎಂದರೆ ಬೆಂಕಿ. ಡೆಪ್ಯುಟಿ ಸಾಹೇಬರು ಇಲ್ಲಿ ನಕ್ಕಿದ್ದಾರೋ ಇಲ್ಲವೋ, ನನಗೆ ಗೊತ್ತಾಗುವುದಿಲ್ಲ.

ಸುಟ್ಟ ಮೇಲೆ ಗಂಡ ಹೆಂಡಿರ ನಡುವೆ ನಡೆಯುವ ಮಾತುಕತೆ ಇನ್ನೂ ಮುಖ್ಯ. ನಸೂಹ್ ಹೆಂಡತಿಗೆ ಹಿಂದೆ ಸಾದಿಯ 'ಗುಲಿಸ್ತಾನ್' ಪಾಠ ಹೇಳಿದ್ದ. ಶತಮಾನಗಳಿಂದ ಮಕ್ತಬ್‌ನ ಮಕ್ಕಳು ಓದುತ್ತ ಬಂದ ಪುಸ್ತಕ ಅದು. ಅದನ್ನು ಕಲಿಸುವಾಗಲೂ ಎಷ್ಟೋ ಸಾಲುಗಳನ್ನು ಅವಳ ಕಣ್ಣಿಗೆ ಬೀಳದಂತೆ ತಾನು ಮರೆಮಾಡಿದ್ದನ್ನು ಅವನು ನೆನಪಿಸುತ್ತಾನೆ. ಸಾದಿಯ ಗತಿಯೇ ಹೀಗಾದರೆ ಕಲೀಮನ ಪುಸ್ತಕಗಳ ಪಾಡೇನು ಎಂಬುದು ಅವನ ತರ್ಕ. ನನಗನಿಸುವುದು ಬೇರೆ. ಆ ಸಾಲುಗಳನ್ನು ಮರೆಮಾಡಬೇಕಾದರೆ ನಸೂಹ್ ಮೊದಲು ಅವನ್ನು ಓದಿರಲೇಬೇಕು. ಓದಿಯೂ ಅವನು ಕೆಡಲಿಲ್ಲ. ತಾನು ಓದಿ ದಾಟಿ ಬಂದದ್ದನ್ನು ಹೆಂಡತಿ ದಾಟಲಾರಳು, ಮಗ ದಾಟಲಾರ ಎಂಬ ಅಪನಂಬಿಕೆ ಎಲ್ಲಿಂದ ಬಂತು? ಮಗಳ ಪುಸ್ತಕ ಕಸಿದ ನನಗೂ ಇದೇ ಪ್ರಶ್ನೆ. ಅವಳ ವಯಸ್ಸಿನಲ್ಲಿ ನಾನು ಓದಿದ್ದನ್ನೆಲ್ಲ ಪಟ್ಟಿ ಮಾಡಿದರೆ ಇಲ್ಲಿ ಅಚ್ಚು ಹಾಕಲಾಗದು.

ನಸೂಹನ ಬೆಂಕಿಗೆ ವಿಲಾಯತಿ ಸೀಮೆಎಣ್ಣೆಯೂ ಬಿದ್ದಿತ್ತು ಎಂಬುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಈ ಕಾದಂಬರಿಯ ಚೌಕಟ್ಟು ಡೇನಿಯಲ್ ಡೀಫೋ 1715ರಲ್ಲಿ ಬರೆದ 'ಫ್ಯಾಮಿಲಿ ಇನ್‌ಸ್ಟ್ರಕ್ಟರ್' ಎಂಬ ಕ್ರೈಸ್ತ ಧರ್ಮಬೋಧೆಯ ಪುಸ್ತಕದಿಂದ ಬಂದದ್ದು. ಅಲ್ಲಿಯೂ ಮಕ್ಕಳ ನಾಟಕ, ಹಾಡುಗಳ ಪುಸ್ತಕಗಳನ್ನು ಸುಡುತ್ತಾರೆ. ಹಾಗಾಗಿ ಇದನ್ನು ಕೇವಲ ಮುಸ್ಲಿಮರ ಕಟ್ಟುನಿಟ್ಟು ಎಂದು ಬೆರಳು ತೋರಿಸುವವರು ಸ್ವಲ್ಪ ತಾಳಬೇಕು. ಈ ಪುಸ್ತಕಕ್ಕೂ ಸರಕಾರ ಸಾವಿರ ರೂಪಾಯಿ ಬಹುಮಾನ ಕೊಟ್ಟಿತು, ಕೆಂಪ್ಸನ್ ಸಾಹೇಬರೇ ಇಂಗ್ಲಿಷಿಗೆ ಅನುವಾದಿಸಿದರು. ಆಳುವವರಿಗೂ ಉರ್ದುವಿನ ಹಳೆಯ ಕಾವ್ಯ ಬೇಡವಾಗಿತ್ತು.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. 1857ರಲ್ಲಿ ದಿಲ್ಲಿಯ ಗ್ರಂಥಾಲಯಗಳು ನಾಶವಾದವು. ನಜೀರ್ ಅಹ್ಮದರು ಓದಿದ ದಿಲ್ಲಿ ಕಾಲೇಜಿನ ಗ್ರಂಥಾಲಯ ಲೂಟಿಯಾಯಿತು. ಗಾಲಿಬ್ ತಮ್ಮ ಕವಿತೆಗಳ ಪ್ರತಿ ಇಟ್ಟುಕೊಳ್ಳುತ್ತಿರಲಿಲ್ಲ. ಗೆಳೆಯರಾದ ನವಾಬ್ ಜಿಯಾವುದ್ದೀನ್ ಖಾನ್ ಮತ್ತು ಹುಸೇನ್ ಮಿರ್ಜಾ ಅವರ ಮನೆಗಳಲ್ಲಿ ಅವು ಇದ್ದವು. ಆ ಮನೆಗಳೂ ಲೂಟಿಯಾಗಿ, ತನ್ನ ಕಾವ್ಯವೇ ತನ್ನಲ್ಲಿಲ್ಲ ಎಂದು ಮುದುಕ ಕವಿ ಪತ್ರಗಳಲ್ಲಿ ಹಲುಬಿದ್ದಾರೆ. ಆ ದಿನಗಳಲ್ಲಿ ನಜೀರ್ ಅಹ್ಮದರು ದಿಲ್ಲಿಯಲ್ಲೇ ಇದ್ದರು. ಅದೆಲ್ಲ ಕಂಡವರು ಹದಿನೇಳು ವರ್ಷಗಳ ನಂತರ ಅದೇ ದಿಲ್ಲಿಯ ಒಂದು ಮನೆಯಲ್ಲಿ, ಲೂಟಿಯಿಂದ ಉಳಿದಂಥ ಪುಸ್ತಕಗಳನ್ನು, ತಂದೆಯ ಕೈಯಿಂದಲೇ ಸುಡಿಸುತ್ತಾರೆ. ಸೋತವನು ಸೋಲಿಗೆ ಕಾರಣ ಹುಡುಕುವಾಗ ಮೊದಲು ತನ್ನ ಮನೆಯ ಕಪಾಟನ್ನೇ ತೆರೆಯುತ್ತಾನೆಯೇ? ಕಾವ್ಯ ಓದಿದ್ದರಿಂದ ನಾವು ಸೋತೆವು ಎಂಬ ಭಾವನೆ ಆ ಪೀಳಿಗೆಯಲ್ಲಿ ಬಲವಾಗಿತ್ತು. ಅದು ಈಗಲೂ ಪೂರ್ತಿ ಹೋಗಿಲ್ಲ. ಮಗನಿಗೆ ಸಿಇಟಿ ಪುಸ್ತಕ ಇರುವಾಗ ಕಥೆ ಪುಸ್ತಕ ಯಾಕೆ ಎನ್ನುವ ಇಂದಿನ ಅಬ್ಬಾ ಕೂಡ ನಸೂಹನ ವಂಶದವನೇ.

ಹಾಗೆಂದು ನಸೂಹನನ್ನು ಖಳನಾಯಕನನ್ನಾಗಿ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಅವನಿಗೆ ಮಕ್ಕಳ ಮೇಲೆ ನಿಜವಾದ ಪ್ರೀತಿಯಿದೆ, ಭಯವೂ ಇದೆ. ಆದರೆ ಕಾದಂಬರಿಕಾರನ ಲೇಖನಿ ಕಲೀಮನ ಕಡೆಗೇ ವಾಲುತ್ತದೆ. ಮನೆ ಬಿಟ್ಟ ಕಲೀಮ್ ಗೆಳೆಯ ಮಿರ್ಜಾ ಜಾಹಿರ್‌ದಾರ್ ಬೇಗನ ಬಾಗಿಲು ತಟ್ಟುವ ಪ್ರಕರಣವನ್ನು ಓದಬೇಕು. ದೊಡ್ಡ ಮನೆತನದವನೆಂದು ಬಡಾಯಿ ಕೊಚ್ಚುತ್ತಿದ್ದ ಗೆಳೆಯ ಅವನನ್ನು ಪಾಳುಬಿದ್ದ ಮಸೀದಿಯಲ್ಲಿ ಮಲಗಿಸಿ, ಊಟಕ್ಕೆ ಹುರಿಗಡಲೆ ತಂದು ಕೊಟ್ಟು, ಆ ಕಡಲೆಯನ್ನೇ ನವಾಬರ ಔತಣವೆಂಬಂತೆ ಹೊಗಳುತ್ತಾನೆ. ಇಂಥ ಹಾಸ್ಯ ಉರ್ದು ಗದ್ಯದಲ್ಲಿ ಅಪರೂಪ. ಕಾದಂಬರಿಯ ಕೊನೆಯಲ್ಲಿ ಗಾಯಗೊಂಡು ಮರಳಿದ ಕಲೀಮ್ ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ತಂದೆ ಗೆದ್ದ. ಆದರೆ ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿಯುವವನು ಯಾರು? ಸುಟ್ಟ ಪುಸ್ತಕಗಳ ಭಾಷೆಯಿಲ್ಲದೆ ಜಾಹಿರ್‌ದಾರ್ ಬೇಗನ ಆ ಕಡಲೆಯ ಹೊಗಳಿಕೆಯನ್ನು ನಜೀರ್ ಅಹ್ಮದರು ಬರೆಯಲು ಸಾಧ್ಯವಿತ್ತೇ? 'ಫಸಾನಾ-ಎ-ಅಜಾಯಿಬ್' ಓದಿ ಜೀರ್ಣಿಸಿಕೊಂಡವನು ಮಾತ್ರ ಬರೆಯಬಲ್ಲ ಗದ್ಯ ಅದು.

ಮುಂದಿನ ಕಥೆ ಕಾದಂಬರಿಗಿಂತ ವಿಚಿತ್ರ. 20ನೇ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಹಿಶ್ತಿ ಜೇವರ್' ಬಂತು. ಹೆಣ್ಣುಮಕ್ಕಳ ದಹೇಜಿನಲ್ಲಿ ಕುರ್‌ಆನ್ ಜೊತೆಗೆ ಇದನ್ನೂ ಇಡುವ ಪದ್ಧತಿ ನಮ್ಮ ಕಡೆಯೂ ಇತ್ತು. ಅದರ ಕೊನೆಯ ಭಾಗದಲ್ಲಿ ಓದಬಹುದಾದ ಮತ್ತು ಓದಬಾರದ ಪುಸ್ತಕಗಳ ಪಟ್ಟಿ ಇದೆ. ಓದಬಾರದ ಪಟ್ಟಿಯಲ್ಲಿ ಗಜಲ್ ದೀವಾನ್‌ಗಳು, 'ಇಂದರ್ ಸಭಾ', 'ಗುಲ್-ಎ-ಬಕಾವಲಿ', ಅಲಿಫ್ ಲೈಲಾ. ಇವರೆಲ್ಲರ ಜೊತೆಗೆ ನಜೀರ್ ಅಹ್ಮದರ 'ಮಿರಾತುಲ್ ಉರೂಸ್'! ವಿವೇಕ ಕಲಿಸುವ ಮಾತುಗಳೂ ಅದರಲ್ಲಿವೆ, ದೀನನ್ನು ದುರ್ಬಲಗೊಳಿಸುವ ಮಾತುಗಳೂ ಇವೆ ಎಂಬುದು ಮೌಲಾನಾ ಅವರ ಅಭಿಪ್ರಾಯ. ಕಲೀಮನ ಕಪಾಟನ್ನು ಖಾಲಿ ಮಾಡಿಸಿದ ಲೇಖಕ ಮೂವತ್ತೇ ವರ್ಷದಲ್ಲಿ ಕಲೀಮನ ಕಪಾಟಿನೊಳಗೆ ಹೋಗಿ ಕುಳಿತರು. ಅಷ್ಟಕ್ಕೇ ನಿಲ್ಲಲಿಲ್ಲ. 1908ರಲ್ಲಿ ಅವರು ಪ್ರವಾದಿ ಪತ್ನಿಯರ ಬಗ್ಗೆ ಬರೆದ 'ಉಮ್ಮಹಾತುಲ್ ಉಮ್ಮಾ' ಪುಸ್ತಕದ ಭಾಷೆ ಅಗೌರವದ್ದೆಂದು ಗದ್ದಲವೆದ್ದು, ಅದರ ಪ್ರತಿಗಳನ್ನು ದಿಲ್ಲಿಯಲ್ಲಿ ಸುಡಲಾಯಿತು. ನಜೀರ್ ಅಹ್ಮದರು 1912ರಲ್ಲಿ ತೀರಿಕೊಂಡರು.

ಥಾನವಿಯವರ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. 'ಬಹಿಶ್ತಿ ಜೇವರ್' ಆರಂಭವಾಗುವುದೇ ಅಕ್ಷರಮಾಲೆಯಿಂದ. ಮೊದಲು ಅಲಿಫ್ ಬೇ, ಆಮೇಲೆ ಪತ್ರ ಬರೆಯುವ ಕ್ರಮ. ಹೆಣ್ಣುಮಕ್ಕಳ ಕೈಗೆ ಲೇಖನಿ ಕೊಡಲು ಹೆದರುತ್ತಿದ್ದ ಸಮಾಜಕ್ಕೆ ಒಬ್ಬ ಆಲಿಮ್ ಹೀಗೆ ಬರೆದದ್ದು ಸಣ್ಣ ಮಾತಲ್ಲ. ಆದರೆ ಅಕ್ಷರ ಕಲಿತವಳು ಪಟ್ಟಿಯ ಒಳಗೇ ಉಳಿಯುತ್ತಾಳೆಯೇ? ನನ್ನ ಫೂಫಿಯ ಪ್ರಕರಣ ಕೇಳಿ. ಅವರು ದಾದಿಯ 'ಬಹಿಶ್ತಿ ಜೇವರ್'ನಲ್ಲಿ ಅಕ್ಷರ ಕಲಿತವರು. ಓದಬಾರದ ಪುಸ್ತಕಗಳ ಪಟ್ಟಿ ಕಂಡಾಗ ಅವರಿಗೆ ಹದಿನಾಲ್ಕು ವರ್ಷವಂತೆ. ಲೋಕದಲ್ಲಿ ಇಷ್ಟೆಲ್ಲ ಕಥೆಗಳಿವೆ ಎಂದು ತಿಳಿದದ್ದೇ ಆ ಪಟ್ಟಿಯಿಂದ ಎಂದು ಅವರು ನಗುತ್ತಾ ಹೇಳುತ್ತಿದ್ದರು. ಒಂದೊಂದೇ ಹೆಸರು ಹೇಳಿ ಬೆಂಗಳೂರಿನಲ್ಲಿ ಓದುತ್ತಿದ್ದ ಅಣ್ಣನಿಂದ ತರಿಸಿಕೊಂಡರು. ಅರ್ಧಕ್ಕಿಂತ ಹೆಚ್ಚು ಓದಿ ಮುಗಿಸಿದ್ದರು. ನಮಾಜ್ ಒಂದು ಹೊತ್ತೂ ತಪ್ಪಿಸಿದವರಲ್ಲ.

ನಜೀರ್ ಅಹ್ಮದರ ಸ್ವಂತ ಮನೆಯಲ್ಲಿ ಓದು ಹೇಗೆ ಮುಂದುವರಿಯಿತು ಎಂಬುದೂ ಕುತೂಹಲದ ವಿಷಯ. 'ಚಂದ್ ಪಂದ್' ಓದಿದ ಆ ಹುಡುಗ ಬಶೀರ್, ಮುಂದೆ ಮೌಲ್ವಿ ಬಶೀರುದ್ದೀನ್ ಅಹ್ಮದ್ ಆಗಿ ನಿಜಾಮರ ಸರಕಾರದಲ್ಲಿ ಅಧಿಕಾರಿಯಾದರು. ದಿಲ್ಲಿಯ ಚರಿತ್ರೆ ಬರೆದರು. ಅದಕ್ಕೂ ಮೊದಲು ನಮ್ಮ ವಿಜಾಪುರದ ಚರಿತ್ರೆ ಬರೆದರು, 'ವಾಕಿಯಾತ್-ಎ-ಮಮ್ಲಿಕತ್-ಎ-ಬೀಜಾಪುರ್' ಎಂದು ದೊಡ್ಡ ಸಂಪುಟಗಳಲ್ಲಿ. ಆದಿಲ್‌ಶಾಹಿಗಳ ಪುಸ್ತಕ ಭಂಡಾರದಲ್ಲಿ ಅಳಿದುಳಿದು ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳನ್ನು 19ನೇ ಶತಮಾನದ ಮಧ್ಯಭಾಗದಲ್ಲಿ ಕಂಪೆನಿಯವರು ಲಂಡನ್ನಿಗೆ ಸಾಗಿಸಿದ್ದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಪುಸ್ತಕ ಹೋದ ಊರಿನ ಕಥೆಯನ್ನು ಪುಸ್ತಕ ಸುಡಿಸಿದ ಕಾದಂಬರಿಕಾರನ ಮಗ ಬರೆದ. ಬಶೀರುದ್ದೀನರ ಮಗ ಶಾಹಿದ್ ಅಹ್ಮದ್ ದೆಹ್ಲವಿ 1930ರಲ್ಲಿ ದಿಲ್ಲಿಯಿಂದ 'ಸಾಖಿ' ಮಾಸಿಕ ಆರಂಭಿಸಿದರು. ಇಸ್ಮತ್ ಚುಗ್ತಾಯಿಯವರ ಕಥೆಗಳನ್ನು ಪ್ರಕಟಿಸಿದ ಸಾಖಿ ಬುಕ್ ಡಿಪೋ ಕೂಡ ಇವರದೇ. 'ಲಿಹಾಫ್' ಕಥೆ ಅಶ್ಲೀಲವೆಂದು ಲಾಹೋರಿನಲ್ಲಿ ಮೊಕದ್ದಮೆ ನಡೆದಾಗ ಪ್ರಕಾಶಕರಾಗಿ ಶಾಹಿದ್ ಅಹ್ಮದರೂ ಕಟಕಟೆಗೆ ಹೋಗಬೇಕಾಯಿತು. ನಸೂಹನನ್ನು ಸೃಷ್ಟಿಸಿದವರ ಮೊಮ್ಮಗ! ಅಜ್ಜ ಏನನ್ನು ದಾಟಿಸಬೇಕೆಂದುಕೊಂಡರೋ ಅದು ದಾಟಲಿಲ್ಲ. ಪುಸ್ತಕವಿಲ್ಲದೆ ಬದುಕಲಾರದ ಚಟವೊಂದು ಮಾತ್ರ ಮೂರು ತಲೆಮಾರು ದಾಟಿತು.

ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳದಿದ್ದರೆ ಮೇಲಿನದೆಲ್ಲ ಬರಿಯ ಜಾಣತನವಾಗುತ್ತದೆ.

ದಾದಿಯ ಬಳಿ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಈ ಮೂರು ಪುಸ್ತಕಗಳ ಜೊತೆಗೆ ರಾಶಿದುಲ್ ಖೈರಿಯವರ ಅಳಿಸುವ ಕಾದಂಬರಿಗಳು, ರಟ್ಟು ಕಿತ್ತ 'ಇಸ್ಮತ್' ಪತ್ರಿಕೆಯ ಸಂಚಿಕೆಗಳು, ಅಬ್ಬಾ ದಿಂಬಿನಡಿ ಅಡಗಿಸಿ ಸಿಕ್ಕಿಬಿದ್ದ ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿಗಳು. ಅಬ್ಬಾ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಉರ್ದು 'ಸಾಲಾರ್', ಸಂಜೆ ಮಂಡಿಯಿಂದ ತಂದ ಕನ್ನಡ ಪತ್ರಿಕೆ. ನಾನು ಉರ್ದು ಪ್ರಾಥಮಿಕ ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಹೋದವನು. ಅಲ್ಲಿನ ಕನ್ನಡ ಮೇಷ್ಟರು ನನ್ನ ಒತ್ತಕ್ಷರ ತಿದ್ದಿ ತಿದ್ದಿ ಸಾಕಾಗಿ, ನೀನು ಓದಿದರೆ ತಾನಾಗಿ ಸರಿಹೋಗುತ್ತದೆ ಎಂದು ಜಿಲ್ಲಾ ಕೇಂದ್ರ ಗ್ರಂಥಾಲಯದ ಸದಸ್ಯತ್ವಕ್ಕೆ ತಾವೇ ಜಾಮೀನು ನಿಂತರು. ಮೊದಲು ತಂದದ್ದು 'ಕರ್ವಾಲೊ'. ಆಮೇಲೆ ಬೊಳುವಾರು, ಸಾರಾ ಅಬೂಬಕರ್, ಕಟ್ಪಾಡಿ. ನಮ್ಮಂಥ ಮನೆಗಳು ಕನ್ನಡದ ಪುಸ್ತಕದೊಳಗೂ ಇವೆ ಎಂದು ಗೊತ್ತಾದ ದಿನ ನಾನು ಊಟ ಮಾಡಿದ ನೆನಪಿಲ್ಲ.

ಹೀಗೆ ಕನ್ನಡದ ಕಡೆ ಓಡುವ ಭರದಲ್ಲಿ ಟ್ರಂಕು ಮರೆತುಹೋಯಿತು. 2000ನೇ ಇಸವಿಯ ಮಳೆಗಾಲದಲ್ಲಿ ದಾದಿ ತೀರಿಕೊಂಡರು. ಮನೆ ಚಿಕ್ಕದು, ಟ್ರಂಕಿಗೆ ಗೆದ್ದಲು ಹತ್ತಿತ್ತು. ಉರ್ದು ಅಕ್ಷರದ ಕಾಗದವನ್ನು ರದ್ದಿಗೆ ಹಾಕುವಂತಿಲ್ಲ, ಕಾಲಡಿಗೆ ಬಿದ್ದರೆ ಬೇಅದಬಿ. ಕುರ್‌ಆನಿನ ಹರಿದ ಹಾಳೆಗಳನ್ನು ಹೊಳೆಗೆ ಬಿಡುವ ಪದ್ಧತಿ ಇದೆಯಷ್ಟೇ. ಹಿರಿಯರು ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಕಲ್ಲು 'ಇಟ್ಟು' ತುಂಗೆಗೆ ಬಿಡಲು ಹೇಳಿದರು. ಗಂಟು ಹೊತ್ತು ನಡೆದವನು ಹತ್ತೊಂಬತ್ತು ವರ್ಷದ ನಾನು. 'ತೌಬತುನ್ನಸೂಹ್' ಓದಿದವನು, ಕಲೀಮನ ಪಕ್ಷದವನು! ಅಕ್ಬರಿ, ಅಸ್ಗರಿ, ಇಬ್ನೆ ಸಫಿಯ ಕರ್ನಲ್ ಫರೀದಿ, ಎಲ್ಲರೂ ಅದಬಿನಿಂದ ಮುಳುಗಿದರು. ನಸೂಹ್ ಕನಿಷ್ಠ ಒಂದೊಂದು ಪುಸ್ತಕದ ಹೆಸರನ್ನಾದರೂ ಓದಿ ಬೆಂಕಿಗೆ ಹಾಕಿದ. ನಾನು ಗಂಟು ಬಿಚ್ಚಿಯೂ ನೋಡಲಿಲ್ಲ. ಆಗ ನಾನು ಕನ್ನಡದಲ್ಲಿ ಮೊದಲ ಕಥೆ ಬರೆದು ಪತ್ರಿಕೆಗೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದೆ. ಗಮನ ಅಲ್ಲಿತ್ತು.

ಇಂದು ಕರ್ನಾಟಕದ ಎಷ್ಟೋ ಉರ್ದು ಮನೆಗಳಲ್ಲಿ ಇದೇ ಸ್ಥಿತಿ. ಮಾತು ಮನೆಯಲ್ಲಿದೆ, ಲಿಪಿ ಹೋಗಿದೆ. ಮೊಮ್ಮಕ್ಕಳು ಕನ್ನಡ, ಇಂಗ್ಲಿಷ್ ಓದುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ನನ್ನ ಅನ್ನವೇ ಕನ್ನಡ. ಆದರೆ ಅಜ್ಜಿಯ ಕಪಾಟು ಮೊಮ್ಮಗಳ ಕಣ್ಣಿಗೆ ಪವಿತ್ರವಾದ ಗೀರುಗಳಾಗಿ ಕಂಡರೆ ಅದಕ್ಕೆ ಹೊಳೆಯೇ ಗತಿ. ಇನ್ನೊಂದು ಕಡೆ ನಮ್ಮ ಶಾಲೆಗಳು. ನನಗೆ ಪರಿಚಯವಿರುವ ಒಂದು ಶಾಲೆಯಲ್ಲಿ ಪುಸ್ತಕಗಳ ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನಲ್ಲಿಟ್ಟಿದ್ದಾರೆ. ಮಕ್ಕಳು ಹರಿದು ಹಾಕುತ್ತಾರೆ ಎಂಬುದು ಕಾರಣ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಮಗುವನ್ನು ಕೈಹಿಡಿದು ಗ್ರಂಥಾಲಯಕ್ಕೆ ಕರೆದೊಯ್ದ ಅಬ್ಬಾಗಳು ನಮ್ಮ ಮೊಹಲ್ಲಾದಲ್ಲಿ ಎಷ್ಟು ಜನ?

ನಸೂಹನ ಎದುರಿಗೆ ನಿಲ್ಲಿಸಲು ನನಗೆ ಒಬ್ಬರೇ ನೆನಪಾಗುತ್ತಾರೆ. ಮೈಸೂರಿನ ರಾಜೀವನಗರದ ಸಯ್ಯದ್ ಇಸಾಕ್. ಕೂಲಿ ಕಾರ್ಮಿಕರು. ಅವರಿಗೆ ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯ ಇರಲಿಲ್ಲ. ತನ್ನ ದುಡಿಮೆಯ ಹಣದಲ್ಲಿ, ಇತರರು ಕೊಟ್ಟ ಪುಸ್ತಕಗಳಲ್ಲಿ ಬಡಾವಣೆಯ ಜನರಿಗಾಗಿ ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದ್ದರು. ಸುಮಾರು 11 ಸಾವಿರ ಪುಸ್ತಕಗಳಿದ್ದವು. ಹೆಚ್ಚಿನವು ಕನ್ನಡದವು. ಭಗವದ್ಗೀತೆಯ ಪ್ರತಿಗಳೇ ಸಾವಿರಗಟ್ಟಲೆ, ಜೊತೆಗೆ ಕುರ್‌ಆನ್, ಬೈಬಲ್. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದೆಲ್ಲ ಸುಟ್ಟು ಬೂದಿಯಾಯಿತು. ಆ ಬೂದಿಯ ಮುಂದೆ ನಿಂತು ಮತ್ತೆ ಕಟ್ಟುತ್ತೇನೆ ಎಂದರು. ಯಾವ ಪುಸ್ತಕದಲ್ಲಿ ಏನಿದೆಯೆಂದು ಓದಿ ನೋಡಲಾಗದ ಆ ಮನುಷ್ಯನಿಗೆ ಓದುವವರ ಮೇಲೆ ಇದ್ದ ನಂಬಿಕೆ, 'ಗುಲಿಸ್ತಾನ್' ಪಾಠ ಹೇಳಬಲ್ಲ ನಸೂಹನಿಗೆ ಸ್ವಂತ ಮಗನ ಮೇಲೆ ಇರಲಿಲ್ಲ. ಎರಡು ಪುಸ್ತಕ ಪ್ರಕಟಿಸಿರುವ ನನಗೆ ಮಗಳ ಮೇಲೆ ಇರಲಿಲ್ಲ.

ಬೀರುವಿನ ಮೇಲಿನ ಕಾದಂಬರಿಯನ್ನು ಮರುದಿನವೇ ಇಳಿಸಿ ಕೊಟ್ಟೆ. ಕ್ಷಮೆ ಕೇಳುವ ರೂಢಿ ನಮ್ಮಲ್ಲಿ ತಂದೆಯರಿಗೆ ಇಲ್ಲ, ಅದಕ್ಕೆ ಬದಲಾಗಿ ಇನ್ನೊಂದು ಪುಸ್ತಕ ತಂದುಕೊಟ್ಟೆ. ಜಿ. ಇ. ವಾರ್ಡ್ 1903ರಲ್ಲಿ ಮಾಡಿದ 'ಮಿರಾತುಲ್ ಉರೂಸ್'ನ ಇಂಗ್ಲಿಷ್ ಅನುವಾದ, 'ದಿ ಬ್ರೈಡ್ಸ್ ಮಿರರ್'. 2001ರಲ್ಲಿ ಅದು ದಿಲ್ಲಿಯಲ್ಲಿ ಮರುಮುದ್ರಣವಾಗಿದೆ. ಒಂದು ವಾರದ ನಂತರ ಮಗಳು ಕೇಳಿದಳು, "ಅಬ್ಬಾ, ಅಕ್ಬರಿಗೆ ಯಾರೂ ಸರಿಯಾಗಿ ಒಂದು ಮಾತು ಕೇಳುವುದೇ ಇಲ್ಲವಲ್ಲ?" ಮುತ್ತಜ್ಜಿಯ ಅಭಿಪ್ರಾಯವೂ ಅದೇ ಇತ್ತು ಎಂದೆ.

2013ರಲ್ಲಿ ಆರಂಭವಾದ ರೇಖ್ತಾ ಜಾಲತಾಣದಲ್ಲಿ ಹಳೆಯ ಉರ್ದು ಪುಸ್ತಕಗಳು ಪುಟಪುಟವಾಗಿ ಚಿತ್ರರೂಪದಲ್ಲಿ ಸಿಗುತ್ತವೆ. ಹೊಳೆಗೆ ಬಿಟ್ಟದ್ದು ಅಲ್ಲಿ ತೇಲಿ ಬಂದಿದೆ. ಈ ರಂಜಾನಿನಲ್ಲಿ ತರಾವೀಹ್ ಮುಗಿಸಿ ಬಂದಾಗ ಅಮ್ಮಿ ಮೊಬೈಲ್ ಹಿಡಿದು, ಎರಡು ಬೆರಳಲ್ಲಿ ಅಕ್ಷರ ದೊಡ್ಡದು ಮಾಡುತ್ತಾ, ಮೊಮ್ಮಗಳಿಗೆ 'ತೌಬತುನ್ನಸೂಹ್' ಓದಿ ಹೇಳುತ್ತಿದ್ದರು. ಬೆಂಕಿಯ ಅಧ್ಯಾಯ ಬಂದಿತ್ತು. ಅಮ್ಮಿ ಸುಟ್ಟ ಪುಸ್ತಕಗಳ ಹೆಸರನ್ನು ಒಂದೊಂದಾಗಿ ಓದುತ್ತಿದ್ದರು. ಮಗಳು ನಡುವೆ ತಡೆದು, "ದಾದಿ, ಸ್ವಲ್ಪ ನಿಧಾನ" ಎಂದು ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಅವನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಯಾಕೆಂದು ಕೇಳಿದೆ. ಇದರಲ್ಲಿ ಯಾವುದೆಲ್ಲ ಸಿಗುತ್ತದೆ ನೋಡಬೇಕು ಅಬ್ಬಾ, ಎಂದಳು.